ಕತ್ತಲಲ್ಲಿ ಕನ್ನಡಿಯೊಳಗೆ ಬಂದವರು ಯಾರು?

ಮಂಡ್ಯದಲ್ಲಿರುವ ನಮ್ಮ ಸೋದರತ್ತೆಯ ನಡುಮನೆಯಲ್ಲಿ ತೇಗದ ಚೌಕಟ್ಟಿನ ಹಳೇ ಕನ್ನಡಿಯೊಂದಿದೆ. ಮೂಲೆಗಳಲ್ಲಿ ರಸ ಬಿಟ್ಟು ಕಪ್ಪು ಚುಕ್ಕೆ ಎದ್ದಿವೆ. ದೇವರಿಗೆ ದೀಪ ಹಚ್ಚಿದ ಮೇಲೆ ಅತ್ತೆ ಅದಕ್ಕೊಂದು ಟವಲ್ ಹೊದಿಸುತ್ತಾರೆ. ರಾತ್ರಿ ಹೊತ್ತು ನೋಡಿದರೆ ಬೇರೆ ಯಾರೋ ಕಾಣುತ್ತಾರಂತೆ. ಗೌರಿ ಹಬ್ಬದ ಬಾಗಿನದಲ್ಲಿ ಬಳೆ, ಬಾಚಣಿಗೆಯ ಪಕ್ಕ ಕೂರುವ ಕನ್ನಡಿ, ಮದುವೆಯಲ್ಲಿ ಕಳಸದ ಜೊತೆ ಬರುವ ಕನ್ನಡಿ, ಕತ್ತಲಾದರೆ ಮಾತ್ರ ದೆವ್ವದ ಬಾಗಿಲು!

(ರಸ ಅಂದೆನಲ್ಲ, ಅದು ಹಳೇ ಕಾಲದ ಮಾತು. ಹಿಂದೆ ಗಾಜಿನ ಬೆನ್ನಿಗೆ ತವರ, ಪಾದರಸ ಬಳಿಯುತ್ತಿದ್ದರು. 1835ರಲ್ಲಿ ಜರ್ಮನಿಯ ಲೀಬಿಗ್ ಬೆಳ್ಳಿ ಲೇಪಿಸುವ ದಾರಿ ತೋರಿಸಿದ. ಪಾದರಸ ಹೋಯಿತು, ಮಾತು ಉಳಿಯಿತು. ಅದಕ್ಕೂ ಹಿಂದೆ, ಬೇಲೂರಿನ ದರ್ಪಣಸುಂದರಿಯ ಕಾಲದಲ್ಲಿ, ಕನ್ನಡಿಯೆಂದರೆ ಉಜ್ಜಿ ಹೊಳಪಿಸಿದ ಲೋಹ.)

ಒಡೆದ ಕನ್ನಡಿ ಅಪಶಕುನ ಅನ್ನುವವರ ಜೊತೆ ವಾದಿಸುವ ತಾಳ್ಮೆ ನನಗಿಲ್ಲ. ಕಾಲಿಗೆ ಚುಚ್ಚುತ್ತದೆ, ಗುಡಿಸಿ ಬಿಸಾಕಿ. ಹಲ್ಲು ಬರದ ಕೂಸಿಗೆ ಕನ್ನಡಿ ತೋರಿಸಬಾರದು ಅನ್ನುವುದೂ ಅಷ್ಟೇ. ಆದರೆ ರಾತ್ರಿ ಬೇರೆ ಮುಖ ಕಾಣುತ್ತದೆ ಎಂಬ ಮಾತನ್ನು ಹಾಗೆ ತಳ್ಳಿಹಾಕುವಂತಿಲ್ಲ. ಯಾಕೆಂದರೆ, ಕಾಣುತ್ತದೆ.

ಇಟಲಿಯ ಮನೋವಿಜ್ಞಾನಿ ಜೊವಾನಿ ಕಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 50 ಮಂದಿಯನ್ನು ಮಬ್ಬು ಕೋಣೆಯಲ್ಲಿ 10 ನಿಮಿಷ ಕನ್ನಡಿ ಎದುರು ಕೂರಿಸಿದರು. ಇದ್ದದ್ದು 25 ವ್ಯಾಟ್ ಬಲ್ಬು, ಅದೂ ಬೆನ್ನ ಹಿಂದೆ. ಮೂವರಲ್ಲಿ ಇಬ್ಬರಿಗೆ ತಮ್ಮದೇ ಮುಖ ವಿಕಾರವಾಗಿ ಕಂಡಿತು. ಹತ್ತಿರಹತ್ತಿರ ಅರ್ಧ ಜನಕ್ಕೆ ಎಲ್ಲೂ ಇಲ್ಲದ ಪ್ರಾಣಿ, ರಾಕ್ಷಸಾಕಾರ. ಕೆಲವರಿಗೆ ಹೆತ್ತವರ ಮುಖ.

ಇದರ ಬೇರು ಬಹುಶಃ 1804ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್ಲರ್ ಗಮನಿಸಿದ ಸಂಗತಿಯಲ್ಲಿದೆ: ಒಂದೇ ಬಿಂದುವಿನಲ್ಲಿ ಕಣ್ಣು ನೆಟ್ಟರೆ ಸುತ್ತಲಿನದು ಮಾಸಿಹೋಗುತ್ತದೆ. ನಮ್ಮ ನರಗಳು ಸುದ್ದಿ ಕೊಡುವುದು ಬದಲಾವಣೆಯಾದಾಗ. ಆಲೆಮನೆಗೆ ಕಾಲಿಟ್ಟ ಕ್ಷಣ ಬೆಲ್ಲದ ಪಾಕದ ವಾಸನೆ ಮೂಗಿಗೆ ರಾಚುತ್ತದೆ. ಅಲ್ಲೇ ಕೊಪ್ಪರಿಗೆ ಕಲಕುತ್ತ ನಿಂತವನಿಗೆ ಅದರ ಪರಿವೆಯೇ ಇಲ್ಲ. ಫ್ಯಾನಿನ ಸದ್ದು ತಿಳಿಯುವುದು ಕರೆಂಟ್ ಹೋದಾಗ. ಕೈಯಲ್ಲಿರುವ ಉಂಗುರ ನೆನಪಾಗುವುದು ಅದು ಕಳೆದುಹೋದಾಗ. ಕಣ್ಣೂ ಹೀಗೆ ಸೋಲಬಾರದೆಂದೇ ಗುಡ್ಡೆ ಸದಾ ಸಣ್ಣಗೆ ನಡುಗುತ್ತಿರುತ್ತದೆ. ಮಬ್ಬು ಬೆಳಕಿನಲ್ಲಿ ಬಣ್ಣ, ಅಂಚುಗಳೆಲ್ಲ ಕಲಸಿಹೋಗಿರುವಾಗ ಆ ನಡುಕವೂ ಸಾಲದು. ಕೆನ್ನೆ, ಕಿವಿ ಕರಗುತ್ತವೆ. ಮಿದುಳು ಖಾಲಿ ಜಾಗ ಬಿಡುವ ಪೈಕಿಯಲ್ಲ. ಮೋಡದಲ್ಲಿ, ಗೋಡೆಯ ಕಲೆಯಲ್ಲಿ ಮುಖ ಹುಡುಕುವ ಅದೇ ಚಾಳಿಯಿಂದ, ಉಳಿದ ಕಣ್ಣು ಮೂಗಿಗೆ ಯಾವುದೋ ಮುಖ ತಂದು ಅಂಟಿಸುತ್ತದೆ.

ಹೋದ ತಿಂಗಳು ಕರೆಂಟ್ ಹೋದ ರಾತ್ರಿ ಟವಲ್ ಸರಿಸಿ, ಹಿಂದೆ ನೆಲದ ಮೇಲೆ ಮೇಣದಬತ್ತಿ ಇಟ್ಟು ಕೂತೆ. ಮೊದಲು ಎಡಗೆನ್ನೆ ಹೋಯಿತು. ಆಮೇಲೆ ಗಲ್ಲ ಅಗಲವಾಗಿ, ಕಣ್ಣು ಒಳಗಿಳಿದು, ಮುದುಕನೊಬ್ಬ ನನ್ನನ್ನೇ ನೋಡುತ್ತಿದ್ದ. ತಾತನ ಗಲ್ಲ! ಇಷ್ಟೆಲ್ಲ ಓದಿಕೊಂಡವನಿಗೂ ಮೈ ಜುಮ್ಮೆಂದಿತು. ರೆಪ್ಪೆ ಬಡಿದೆ, ಮಾಯವಾದ.

ಅತ್ತೆಗೆ ಟ್ರಾಕ್ಸ್ಲರ್, ನರ, ಆಲೆಮನೆ ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಅಂತೂ ಕಂಡಿದ್ದು ದಿಟ ತಾನೆ? ಟವಲ್ ಹಾಕ್ಬುಡು ಕಣಪ್ಪ.”