ಹಂಬಕರ್: ಪದದ ಅರ್ಥ, ಗಿಟಾರಿಗೆ ಹೊಂದಿಸುವ ಬಗೆ

ವಿದ್ಯುತ್ ಗಿಟಾರಿನ ತಂತಿಗಳ ಕೆಳಗಿದ್ದು ಅವುಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಾಧನವನ್ನು ಪಿಕಪ್ ಎನ್ನುತ್ತಾರೆ. ಅಯಸ್ಕಾಂತ, ಮತ್ತು ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಬಾರಿ ಸುತ್ತಿ ಮಾಡಿದ ಸುರುಳಿ, ಇವೆರಡೇ ಅದರ ಮುಖ್ಯ ಭಾಗಗಳು. ಒಂದೇ ಸುರುಳಿಯ ಪಿಕಪ್ ತಂತಿಯ ನಾದದ ಜೊತೆಗೆ ಸುತ್ತಲಿನ ವಿದ್ಯುತ್ ಉಪಕರಣಗಳಿಂದ ಹೊಮ್ಮುವ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಭಾರತದಲ್ಲಿ ಅದು 50 ಹರ್ಟ್ಸ್‌ನ ವಿದ್ಯುತ್ತಿನಿಂದ ಹುಟ್ಟುವುದು, ಅಮೆರಿಕದಲ್ಲಿ 60 ಹರ್ಟ್ಸ್‌ನಿಂದ. ಇಂಗ್ಲಿಷಿನಲ್ಲಿ ‘ಹಮ್’ ಎಂದರೆ ಆ ಗುಂಯ್‌ಗುಡುವಿಕೆ, ‘ಬಕ್’ ಎಂದರೆ ಎದುರಿಸು. ಹಂಬಕರ್ ಎಂದರೆ ಗುಂಯ್ ಸದ್ದನ್ನು ಎದುರಿಸಿ ನಿಲ್ಲುವ ಪಿಕಪ್.

ಅದು ಎದುರಿಸುವ ರೀತಿ ಬಹಳ ಸೊಗಸಾದದ್ದು. ಹಂಬಕರಿನಲ್ಲಿ ಅಕ್ಕಪಕ್ಕ ಎರಡು ಸುರುಳಿಗಳಿದ್ದು, ಅವುಗಳ ಕಾಂತಧ್ರುವಗಳು ಪರಸ್ಪರ ವಿರುದ್ಧವಾಗಿರುತ್ತವೆ, ವಿದ್ಯುತ್ ಜೋಡಣೆಯ ದಿಕ್ಕೂ ವಿರುದ್ಧವಾಗಿರುತ್ತದೆ. ಹೊರಗಿನ ಗದ್ದಲಕ್ಕೆ ಪಿಕಪ್ಪಿನ ಅಯಸ್ಕಾಂತದೊಂದಿಗೆ ಸಂಬಂಧವಿಲ್ಲದ ಕಾರಣ ಅದು ಎರಡು ಸುರುಳಿಗಳಲ್ಲಿ ವಿರುದ್ಧ ದಿಕ್ಕಿನಲ್ಲಿ ಮೂಡಿ ಪರಸ್ಪರ ಅಳಿಸಿಹೋಗುತ್ತದೆ. ತಂತಿಯ ಸಂಕೇತವಾದರೋ ಧ್ರುವದಿಂದ ಒಮ್ಮೆ, ಜೋಡಣೆಯಿಂದ ಇನ್ನೊಮ್ಮೆ, ಹೀಗೆ ಎರಡು ಸಲ ತಿರುಗಿ ಮೊದಲಿನ ದಿಕ್ಕಿಗೇ ಬರುವುದರಿಂದ ಎರಡು ಸುರುಳಿಗಳ ಪಾಲೂ ಕೂಡಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ಈ ವಿನ್ಯಾಸದ ಪೇಟೆಂಟಿಗೆ 1955ರಲ್ಲಿ ಅರ್ಜಿ ಸಲ್ಲಿಸಿದರು. ಅದು ಮಂಜೂರಾದದ್ದು 1959ರಲ್ಲಿ. ನಡುವಿನ ಅವಧಿಯಲ್ಲಿ ಪಿಕಪ್ಪಿನ ಅಡಿಯಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬ ಚೀಟಿ ಅಂಟಿಸುತ್ತಿದ್ದುದರಿಂದ ಆ ಇಂಗ್ಲಿಷ್ ಮಾತಿನ ಮೊದಲಕ್ಷರಗಳಾದ ‘ಪಿಎಎಫ್’ ಎಂಬುದೇ ಹಳೆಯ ಹಂಬಕರುಗಳಿಗೆ ಹೆಸರಾಗಿ ಉಳಿದಿದೆ.

ಗಿಟಾರಿನೊಂದಿಗೆ ಬಂದ ಪಿಕಪ್ಪನ್ನು ತೆಗೆದು ಬೇರೆಯದನ್ನು ಹಾಕುವ ವಾಡಿಕೆ 1970ರ ದಶಕದಲ್ಲಿ ಡಿಮಾರ್ಜಿಯೋ, ಸೆಮೋರ್ ಡಂಕನ್ ಮೊದಲಾದ ತಯಾರಕರಿಂದ ಬೆಳೆಯಿತು. ಇಲ್ಲಿ ‘ಹೊಂದಿಸುವುದು’ ಎಂಬ ಮಾತನ್ನು ಸರಿಯಾಗಿ ತಿಳಿಯಬೇಕು. ಎಲ್ಲ ಗಿಟಾರುಗಳಿಗೂ ಉತ್ತಮವಾದ ಹಂಬಕರ್ ಎಂಬುದಿಲ್ಲ. ಒಂದು ಗಿಟಾರಿನಲ್ಲಿ ತುಂಬು ನಾದ ಕೊಡುವ ಪಿಕಪ್ ಇನ್ನೊಂದರಲ್ಲಿ ಮಂಕಾಗಿ ಕೇಳಬಹುದು. ಆದ್ದರಿಂದ ಪಿಕಪ್ಪುಗಳ ಪಟ್ಟಿಗಿಂತ ಮೊದಲು ಗಿಟಾರನ್ನೇ ನೋಡಬೇಕು. ಮರದ ಜಾತಿಯಿಂದ ನಾದ ಎಷ್ಟು ಬದಲಾಗುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲವಾದ್ದರಿಂದ ಅಳತೆಗೆ ಸಿಗುವ ಸಂಗತಿಗಳಿಂದ ಆರಂಭಿಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನಲ್ಲಿ ತಂತಿಯ ಕಂಪಿಸುವ ಉದ್ದ ಸುಮಾರು 24.75 ಅಂಗುಲ, ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರಿನಲ್ಲಿ 25.5 ಅಂಗುಲ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಕೂಡಿಸಿದರೆ ಉದ್ದದ ಗಿಟಾರಿನಲ್ಲಿ ಬಿಗಿತ ಹೆಚ್ಚು, ನಾದವೂ ಹೆಚ್ಚು ಸ್ಪಷ್ಟ. ಲೆಸ್ ಪಾಲಿನಲ್ಲಿ ಕುತ್ತಿಗೆಯ ಬಳಿಯ ಹಂಬಕರ್ ಮೊದಲೇ ಮಂದ್ರ ತುಂಬಿದ್ದಾಗಿರುವುದರಿಂದ ಅಲ್ಲಿ ಕಡಿಮೆ ಸುತ್ತಿನ, ಏಳೆಂಟು ಕಿಲೋ ಓಮ್ ರೋಧದ ಪಿಕಪ್ ಇದ್ದರೆ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಬ್ರಿಜ್ಜಿನ ಬಳಿ, ಅಂದರೆ ತಂತಿಗಳು ಗಿಟಾರಿನ ಮೈಮೇಲೆ ಆತುಕೊಳ್ಳುವ ಕಡೆ, ತಂತಿ ಓಲಾಡುವುದೇ ಕಡಿಮೆ. ಅಲ್ಲಿ ಹೆಚ್ಚು ಸುತ್ತಿನದು ಸೂಕ್ತ.

ಈ ಓಮ್ ಲೆಕ್ಕದಲ್ಲೇ ಹಲವರು ಎಡವುತ್ತಾರೆ. ಮಲ್ಟಿಮೀಟರಿನಲ್ಲಿ ಕಾಣುವುದು ತಾಮ್ರದ ಎಳೆಯ ರೋಧ ಮಾತ್ರ, ಪಿಕಪ್ಪಿನ ಬಲವಲ್ಲ. ಎಳೆ ಇನ್ನೂ ತೆಳುವಾದರೆ ಅಷ್ಟೇ ಸುತ್ತುಗಳಲ್ಲಿ ರೋಧ ಏರುತ್ತದೆ. ಡಂಕನ್ ಕಂಪನಿಯ ‘ಜೆಬಿ’ ಸುಮಾರು 16 ಕಿಲೋ ಓಮ್ ತೋರಿಸಿದರೂ ಅದು ಎಂಟು ಕಿಲೋ ಓಮ್‌ನ ಪಿಕಪ್ಪಿಗಿಂತ ಎರಡು ಪಟ್ಟು ಗಟ್ಟಿಯೆಂದಲ್ಲ. ಅಯಸ್ಕಾಂತ ಆಲ್ನಿಕೋ ಎಂಬ ಮಿಶ್ರಲೋಹದ ಬಗೆಗಳಲ್ಲಿ ಆಲ್ನಿಕೋ 2 ಆಗಿದೆಯೋ, ಅದಕ್ಕಿಂತ ಬಲವಾದ ಆಲ್ನಿಕೋ 5 ಆಗಿದೆಯೋ, ಸೆರಾಮಿಕ್ ಆಗಿದೆಯೋ ಎಂಬುದೂ, ಸುರುಳಿಯ ಅನುರಣನ, ಅಂದರೆ ಅದರ ಸಂಕೇತ ಅತಿ ಹೆಚ್ಚಾಗಿ ಏಳುವ ಸ್ಥಾನ, ಯಾವ ಎತ್ತರದ ಆವೃತ್ತಿಯಲ್ಲಿದೆ ಎಂಬುದೂ ಸೇರಿಯೇ ನಾದವಾಗುತ್ತದೆ. ಸುತ್ತು ಹೆಚ್ಚಿದಂತೆ ಆ ಅನುರಣನ ಕೆಳಗಿಳಿದು, ಅದಕ್ಕಿಂತ ಮೇಲಿನ ತಾರ ಅಂಶಗಳು ಕುಗ್ಗುತ್ತವೆ.

ಸ್ಟ್ರಾಟೊಕಾಸ್ಟರಿನ ಬ್ರಿಜ್ ಸ್ಥಾನಕ್ಕೆ ಹಂಬಕರ್ ಹಾಕುವಾಗ ಎರಡು ಸಂಗತಿಗಳು ಅಡ್ಡ ಬರುತ್ತವೆ. ಮೊದಲನೆಯದು ತಂತಿಗಳ ನಡುವಿನ ಅಂತರ. ಗಿಬ್ಸನ್ ಮಾದರಿಯ ಹಂಬಕರಿನಲ್ಲಿ ಪ್ರತಿ ತಂತಿಯ ಕೆಳಗೆ ಬರುವ ಲೋಹದ ಧ್ರುವಗಳ ಪೈಕಿ ಮೊದಲ ಮತ್ತು ಆರನೆಯವುಗಳ ನಡುವೆ ಸುಮಾರು 50 ಮಿಲಿಮೀಟರ್ ಇದ್ದರೆ, ಫೆಂಡರ್ ಬ್ರಿಜ್ಜಿನ ತಂತಿಗಳು ಇನ್ನೂ ಅಗಲವಾಗಿ ಹರಡಿರುತ್ತವೆ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತಾನೇ ಕಟ್ಟಿಕೊಂಡ ಗಿಟಾರಿನಲ್ಲಿ ಪಿಕಪ್ಪನ್ನು ಓರೆಯಾಗಿ ಕೂರಿಸಿದ್ದು ಈ ಅಂತರವನ್ನು ಸರಿದೂಗಿಸಲಿಕ್ಕೇ. ಈಗ ಸುಮಾರು 53 ಮಿಲಿಮೀಟರ್ ಅಂತರದವು ಸಿದ್ಧವಾಗಿಯೇ ಸಿಗುತ್ತವೆ. ಎರಡನೆಯದು ವಾಲ್ಯೂಮ್ ಗುಂಡಿಯ ಕೆಳಗಿನ ಪಾಟ್, ಅಂದರೆ ಗುಂಡಿ ತಿರುಗಿಸಿದಂತೆ ರೋಧ ಬದಲಾಗುವ ಬಿಡಿಭಾಗ. ಒಂಟಿ ಸುರುಳಿಗೆಂದು ಹಾಕಿದ 250 ಕಿಲೋ ಓಮ್ ಪಾಟ್ ತಾರ ಅಂಶಗಳನ್ನು ಹೆಚ್ಚು ಸೋರಿಸುತ್ತದೆ, ಆದ್ದರಿಂದ ಹಂಬಕರ್ ಕಂಬಳಿ ಹೊದ್ದಂತೆ ಕೇಳುತ್ತದೆ. ಅದಕ್ಕೆ 500 ಕಿಲೋ ಓಮ್ ಪಾಟ್ ಬೇಕು. ಹೊಸ ಪಿಕಪ್ ಚೆನ್ನಾಗಿಲ್ಲವೆಂದು ಬೇಸತ್ತು ಮಾರಿಬಿಡುವವರು ಮೊದಲು ಈ ಪಾಟನ್ನು ಪರೀಕ್ಷಿಸಬೇಕೆಂದು ಮನಸಾರೆ ಕೋರುತ್ತೇನೆ.

ಗಿಬ್ಸನ್ ಕಂಪನಿಯ ಇಎಸ್-335ರಂಥ ಅರೆಪೊಳ್ಳು ಗಿಟಾರುಗಳ ಕಥೆ ಬೇರೆ. ಆಂಪ್ಲಿಫೈಯರಿನ ಸದ್ದಿಗೆ ಅವುಗಳ ಮೈಯೇ ಕಂಪಿಸುವುದರಿಂದ ತೀರಾ ಬಲವಾದ ಪಿಕಪ್ ಹಾಕಿದರೆ ಊಳಿಡುವುದು ಬೇಗ ಶುರುವಾಗುತ್ತದೆ. ಸುರುಳಿಗೆ ಮೇಣ ಕುಡಿಸಿದ ಪಿಕಪ್ಪಾದರೆ ಎಳೆಗಳು ಅಲುಗದೆ ಕೀರಲು ಸದ್ದು ತಗ್ಗುತ್ತದೆ.

ಎರಡು ಬೇರೆ ತಯಾರಕರ ಹಂಬಕರುಗಳನ್ನು ಒಂದೇ ಗಿಟಾರಿಗೆ ಹಾಕಿದಾಗ, ಬಿಡಿಯಾಗಿ ಸರಿಯಿದ್ದ ಅವು ಒಟ್ಟಿಗೆ ನುಡಿಸಿದೊಡನೆ ತೆಳ್ಳಗೆ, ಮೂಗಿನಿಂದ ಬಂದಂತೆ ಕೇಳಿದರೆ ಅವುಗಳ ದಿಕ್ಕು ಪರಸ್ಪರ ವಿರುದ್ಧವಾಗಿದೆಯೆಂದು ತಿಳಿಯಬೇಕು. ನಾಲ್ಕು ವೈರುಗಳ ಪಿಕಪ್ಪಾದರೆ ಒಂದರ ಜೋಡಣೆಯನ್ನು ಅದಲುಬದಲು ಮಾಡಿ ಬೆಸೆದರೆ ಸಾಕು. ಹಳೆಯ ಕ್ರಮದಂತೆ ಒಂದೇ ವೈರಿದ್ದು, ಲೋಹದ ಹೆಣಿಗೆಯೂ ಮುಚ್ಚಳವೂ ಅರ್ಥಿಂಗಿಗೆ ಸೇರಿಕೊಂಡಿದ್ದರೆ ಹಾಗೆ ಮಾಡಲಾಗದು. ಆಗ ಅಡಿಯ ಫಲಕದ ತಿರುಪುಗಳನ್ನು ಸಡಿಲಿಸಿ, ಒಳಗಿನ ಅಯಸ್ಕಾಂತದ ಪಟ್ಟಿಯನ್ನು ಹೊರತೆಗೆದು ಮಗುಚಿ ಕೂರಿಸಬೇಕಾಗುತ್ತದೆ.