ಕಾರಿನ ವಾಟರ್ ಪಂಪ್ ಬದಲಾವಣೆ: ಬಿಚ್ಚುವ ಮುನ್ನ ಮತ್ತು ಜೋಡಿಸಿದ ಮೇಲೆ

ವಾಟರ್ ಪಂಪಿನಲ್ಲಿ ಇರುವುದು ಒಂದು ಶಾಫ್ಟ್, ಅದನ್ನು ಹಿಡಿದಿರುವ ಬೇರಿಂಗ್, ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟನ್ನು ತಳ್ಳುವ ಇಂಪೆಲರ್ ಮತ್ತು ಕೂಲಂಟ್ ಬೇರಿಂಗಿನತ್ತ ನುಗ್ಗದಂತೆ ತಡೆಯುವ ಸೀಲ್. ಸೀಲ್ ಮತ್ತು ಬೇರಿಂಗಿನ ನಡುವೆ ಪಂಪಿನ ಮೈಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ರಂಧ್ರವಿರುತ್ತದೆ. ಸೀಲ್ ಸವೆದು ಸೋರಿದ ಕೂಲಂಟ್ ಬೇರಿಂಗನ್ನು ಕೆಡಿಸದೆ ಹೊರಬೀಳಲೆಂದೇ ಅದನ್ನು ಬಿಟ್ಟಿರುತ್ತಾರೆ. ಆ ರಂಧ್ರದಿಂದ ಕೂಲಂಟ್ ಹರಿಯುತ್ತಿದ್ದರೆ ಪಂಪನ್ನು ಬದಲಿಸಬೇಕೇ ಹೊರತು ರಂಧ್ರವನ್ನು ಮುಚ್ಚಬಾರದು. ಆದರೆ ಮೇಲಿನ ಹೋಸ್ ಸೋರಿದರೂ ನೀರು ಪಂಪಿನ ಮೇಲೆ ಇಳಿದು ಅಲ್ಲಿಂದಲೇ ತೊಟ್ಟಿಕ್ಕುವುದುಂಟು. ಆದ್ದರಿಂದ ಎಲ್ಲವನ್ನೂ ಒರೆಸಿ ಒಣಗಿಸಿ, ಸೋರಿಕೆಯ ಮೂಲವನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬೆಲ್ಟ್ ತೆಗೆದ ಮೇಲೆ ಪುಲ್ಲಿಯನ್ನು ಕೈಯಿಂದ ಅಲುಗಾಡಿಸಿದಾಗ ಅದು ಸಡಿಲವಾಗಿ ಆಡಿದರೆ ಬೇರಿಂಗ್ ಸವೆದಿದೆ ಎಂದರ್ಥ.

ಪಂಪನ್ನು ಯಾವ ಬೆಲ್ಟ್ ತಿರುಗಿಸುತ್ತದೆ ಎಂಬುದರ ಮೇಲೆ ಕೆಲಸದ ಕಷ್ಟ ನಿಂತಿದೆ. ಹೊರಗಿನ ಫ್ಯಾನ್ ಬೆಲ್ಟ್ ಆದರೆ ಮನೆಯಲ್ಲೇ ಮಾಡಬಹುದು. ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಆದರೆ, ಅದರ ಜೋಡಣೆಯ ಗುರುತುಗಳು ಒಂದು ಹಲ್ಲಿನಷ್ಟು ತಪ್ಪಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ, ಹೆಚ್ಚು ತಪ್ಪಿದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಮೊದಲ ಬಾರಿಗೆ ಕೈಹಾಕುವವರು ಅದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಬಿಸಿ ಎಂಜಿನ್ನಿನಲ್ಲಿ ಕೂಲಂಟ್ ಒತ್ತಡದಲ್ಲಿರುವುದರಿಂದ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಬೇಕು. ಇಳಿಸಿದ ಕೂಲಂಟನ್ನು ಅಗಲವಾದ ಪಾತ್ರೆಯಲ್ಲಿ ಹಿಡಿದು ಕೂಡಲೇ ಮುಚ್ಚಿಡಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದರೂ ವಿಷಕಾರಿ, ನಾಯಿಗಳು ನೆಕ್ಕಿ ಸಾಯುವುದುಂಟು.

ಹೊಸ ಪಂಪ್ ಸೋರುವುದಕ್ಕೆ ಪಂಪಿಗಿಂತ ಅದು ಕೂರುವ ಮೇಲ್ಮೈಯೇ ಹೆಚ್ಚಾಗಿ ಕಾರಣವಾಗುತ್ತದೆ. ಪಂಪ್ ಮತ್ತು ಎಂಜಿನ್ನಿನ ನಡುವೆ ಸೋರದಂತೆ ಇಡುವ ಹಾಳೆಯಾದ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಪೂರ್ತಿ ತೆಗೆಯಬೇಕು, ಆದರೆ ಅಲ್ಯೂಮಿನಿಯಂ ಮೃದುವಾದ್ದರಿಂದ ಉಕ್ಕಿನ ಅಲಗಿನಿಂದ ಕೆರೆದು ಗೀರು ಬೀಳಿಸಬಾರದು. ಸಿಲಿಕೋನ್ ಸೀಲಂಟ್ ಹಚ್ಚುವಂತೆ ಕೈಪಿಡಿ ಹೇಳಿದ್ದರೆ ತೆಳುವಾಗಿ ಹಚ್ಚಿದರೆ ಸಾಕು. ಹೆಚ್ಚಾದದ್ದು ಒಳಗೆ ಕಿತ್ತುಬಂದು ಕಿರಿದಾದ ನಾಳಗಳನ್ನು ಕಟ್ಟುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಕೈಪಿಡಿಯ ಅಳತೆಗೆ ಬಿಗಿಯ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಮಾಡಬೇಕು.

ತುಂಬಿಸುವಾಗ ಸಾಂದ್ರ ಕೂಲಂಟಾದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಾಮಾನ್ಯವಾಗಿ 50:50ರಂತೆ ಬೆರೆಸುತ್ತಾರೆ. ಗಡಸಾದ ಬೋರ್‌ವೆಲ್ ನೀರಿನಿಂದ ಸುಣ್ಣದ ಪದರ ಕಟ್ಟುವುದರಿಂದ, ಅದನ್ನು ಸುರಿದವರ ಹೊಸ ಸೀಲ್ ಬೇಗ ಹಾಳಾದರೆ ಪಂಪನ್ನು ದೂರುವಂತಿಲ್ಲ. ಕೈಪಿಡಿಯಂತೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನೂ ಹೊರಹಾಕಬೇಕು: ಹೀಟರನ್ನು ಬಿಸಿಯ ಕಡೆಗೆ ತಿರುಗಿಸಿ, ತಾಪಮಾನದ ಮುಳ್ಳಿನ ಮೇಲೆ ಕಣ್ಣಿಟ್ಟು, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತಾನಾಗಿ ತೆರೆದು ರೇಡಿಯೇಟರಿನ ಎರಡೂ ಹೋಸ್‌ಗಳು ಬಿಸಿಯಾಗುವವರೆಗೆ ಎಂಜಿನ್ ಓಡಿಸಬೇಕು. ತಣ್ಣಗಾದ ಮೇಲೆ ಮಟ್ಟ ಇಳಿದಿದ್ದರೆ ತುಂಬಿಸಿ, ಮರುದಿನ ಬೆಳಿಗ್ಗೆ ಪಂಪಿನ ಅಡಿಯನ್ನು ಟಾರ್ಚ್ ಹಿಡಿದು ಮತ್ತೊಮ್ಮೆ ನೋಡಬೇಕು.