ಲ್ಯಾಬ್ರಡಾರ್ ನಾಯಿಯ ತೀರದ ಹಸಿವು

ಬಟ್ಟಲು ನೆಕ್ಕಿ ಮುಗಿಸಿ ಹೆಚ್ಚು ಹೊತ್ತಾಗಿರುವುದಿಲ್ಲ, ಲ್ಯಾಬ್ರಡಾರ್ ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿರುತ್ತದೆ. ಈ ತಳಿಯನ್ನು ಸಾಕಿದವರೆಲ್ಲ ಬಲ್ಲ ನೋಟ ಅದು. ಹೊಟ್ಟೆಬಾಕ ಎಂದು ಮುದ್ದಿನಿಂದ ಬೈದು ಇನ್ನೊಂದು ಚಪಾತಿ ಹಾಕುತ್ತೇವೆ. ಆ ಹಸಿವು ಎಷ್ಟೋ ಲ್ಯಾಬ್ರಡಾರ್‌ಗಳಿಗೆ ಹುಟ್ಟಿನಿಂದಲೇ ಬಂದದ್ದು ಎಂಬುದು ಈಚಿನ ವರ್ಷಗಳಲ್ಲಿ ತಿಳಿದುಬಂದಿದೆ. ನಾವು ಇಷ್ಟೊಂದು ಮೆಚ್ಚುವ ಅದರ ಕಲಿಯುವ ಗುಣಕ್ಕೂ ಆ ಹಸಿವಿಗೂ ನಂಟಿರುವಂತಿದೆ.

ಈ ನಾಯಿಯ ಮೈಕಟ್ಟನ್ನು ರೂಪಿಸಿದ್ದು ತಣ್ಣೀರು. ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಬೆಸ್ತರು ಸಾಕುತ್ತಿದ್ದ ಸೇಂಟ್ ಜಾನ್ಸ್ ವಾಟರ್ ಡಾಗ್ ಎಂಬ ನಾಯಿತಳಿ ಇದರ ಪೂರ್ವಜ. ಅಟ್ಲಾಂಟಿಕ್‌ನ ಕೊರೆಯುವ ನೀರಿಗೆ ಧುಮುಕಿ ಬಲೆಯ ಹಗ್ಗ ಎಳೆದು ತರುವುದು, ಗಾಳದಿಂದ ಜಾರಿದ ಮೀನು ಹಿಡಿಯುವುದು ಅದರ ನಿತ್ಯದ ಕೆಲಸವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೀನಿನ ಹಡಗುಗಳಲ್ಲಿ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದಿಳಿದ ಈ ನಾಯಿಗಳನ್ನು ಮಾಮ್ಸ್‌ಬರಿಯ ಅರ್ಲ್ ಮನೆತನದವರು ಮೆಚ್ಚಿ ಬೆಳೆಸಿದರು. 1880ರ ದಶಕದಲ್ಲಿ ಅವರು ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕ್ ಮನೆತನಕ್ಕೆ ಕೊಟ್ಟ ಕೆಲವು ನಾಯಿಗಳಿಂದ ಇಂದಿನ ತಳಿ ಗಟ್ಟಿಯಾಯಿತು. ಬ್ರಿಟನ್ನಿನ ಕೆನಲ್ ಕ್ಲಬ್ 1903ರಲ್ಲಿ, ಅಮೆರಿಕದ್ದು 1917ರಲ್ಲಿ ಇದಕ್ಕೆ ಮಾನ್ಯತೆ ನೀಡಿದವು. ಮೂಲ ತಳಿ ಮಾತ್ರ ಉಳಿಯಲಿಲ್ಲ. ಕುರಿ ಸಾಕಣೆಗಾಗಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ನಾಯಿಗಳ ಮೇಲೆ ತೆರಿಗೆ ಬಿತ್ತು, ಬ್ರಿಟನ್ನು ಆಮದಿಗೆ ಕಟ್ಟುನಿಟ್ಟಿನ ನಿಯಮ ತಂದಿತು. 1980ರ ದಶಕದ ಹೊತ್ತಿಗೆ ಅದು ಪೂರ್ತಿ ಅಳಿಯಿತು.

ಆ ಕಡಲಿನ ಗುರುತು ಇಂದಿಗೂ ಮೊಮ್ಮಕ್ಕಳ ಮೈಮೇಲಿದೆ. ಹೊರಗೂದಲು ಗಿಡ್ಡ ಮತ್ತು ಒರಟು. ಅದರ ಕೆಳಗೆ ನೀರನ್ನು ಚರ್ಮಕ್ಕೆ ಇಳಿಯಗೊಡದ ದಟ್ಟ ಒಳತುಪ್ಪಳ. ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುವ ಬಾಲ ನೀರುನಾಯಿಯ ಬಾಲವನ್ನೇ ಹೋಲುತ್ತದೆ, ಈಜುವಾಗ ಚುಕ್ಕಾಣಿಯ ಕೆಲಸ ಮಾಡುತ್ತದೆ. ಕಾಲ್ಬೆರಳುಗಳ ನಡುವೆ ಚರ್ಮದ ಪೊರೆ. ಗಂಡು ಭುಜದವರೆಗೆ ಸುಮಾರು 57ರಿಂದ 62 ಸೆಂಟಿಮೀಟರ್ ಎತ್ತರ, 29ರಿಂದ 36 ಕಿಲೋ ತೂಕ. ಹೆಣ್ಣು ತುಸು ಚಿಕ್ಕದು. ಬೇಟೆಯಲ್ಲಿ ಉರುಳಿದ ಹಕ್ಕಿಯನ್ನು ಹಲ್ಲು ನಾಟದಂತೆ ಕಚ್ಚಿ ತರುವ ಬಾಯಿಯ ಹದ ಇದಕ್ಕೆ ರಕ್ತಗತ. ಮನೆಯವರು ಬಂದೊಡನೆ ಚಪ್ಪಲಿಯನ್ನೋ ಆಟಿಕೆಯನ್ನೋ ಕಚ್ಚಿಕೊಂಡು ಎದುರಿಗೆ ಓಡಿಬರುವುದು ಅದೇ ಚಾಳಿ.

ಕಪ್ಪು, ಹಳದಿ, ಚಾಕೊಲೇಟ್ ಎಂಬ ಮೂರು ಬಣ್ಣಗಳ ಮರಿಗಳು ಒಂದೇ ಸೂಲಿನಲ್ಲಿ ಹುಟ್ಟಬಹುದು. ಎರಡು ವಂಶವಾಹಿಗಳ ಆಟ ಇದು. ಒಂದು, ವರ್ಣದ್ರವ್ಯ ಕಪ್ಪೋ ಕಂದೋ ಎಂದು ನಿರ್ಧರಿಸಿದರೆ ಇನ್ನೊಂದು ಆ ವರ್ಣದ್ರವ್ಯ ಕೂದಲಿಗೆ ಸೇರಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಸೇರದಿದ್ದರೆ ಮರಿ ಹಳದಿ. ಬಣ್ಣಕ್ಕೆ ಮರುಳಾಗಿ ಮರಿ ಆರಿಸುವವರು ಒಂದು ವಿಷಯ ತಿಳಿದಿರಬೇಕು. ಬ್ರಿಟನ್ನಿನ ಪಶುವೈದ್ಯಕೀಯ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಾಕೊಲೇಟ್ ಬಣ್ಣದವುಗಳ ಆಯಸ್ಸು 10.7 ವರ್ಷ, ಉಳಿದವುಗಳದ್ದು 12.1 ವರ್ಷ ಎಂದು ಕಂಡುಬಂತು. ಕಿವಿಯ ಸೋಂಕು, ಚರ್ಮದ ಕಾಯಿಲೆಗಳೂ ಚಾಕೊಲೇಟ್ ನಾಯಿಗಳಲ್ಲೇ ಹೆಚ್ಚು. ಬಣ್ಣಕ್ಕಾಗಿಯೇ ಕೆಲವೇ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸಿದ್ದರ ಫಲ ಇದಾಗಿರಬಹುದು ಎಂಬುದು ಸಂಶೋಧಕರ ಅನುಮಾನ.

ಇನ್ನು ಹಸಿವಿನ ಮಾತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯೆ ಎಲಿನರ್ ರಫಾನ್ ಮತ್ತು ಸಂಗಡಿಗರು 2016ರಲ್ಲಿ ಪಿಒಎಂಸಿ ಎಂಬ ವಂಶವಾಹಿಯಲ್ಲಿ ಒಂದು ಕೊರತೆಯನ್ನು ಗುರುತಿಸಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಈ ವಂಶವಾಹಿಯ ಡಿಎನ್‌ಎ ಬರಹದ 14 ಅಕ್ಷರಗಳು ಕಳಚಿಹೋಗಿವೆ. ಮೈಯಲ್ಲಿ ಸಾಕಷ್ಟು ಕೊಬ್ಬಿದೆ, ಇನ್ನು ಆಹಾರ ಹುಡುಕಬೇಡ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ರಾಸಾಯನಿಕ ಆ ಕೊರತೆಯಿಂದಾಗಿ ಸರಿಯಾಗಿ ತಯಾರಾಗುವುದಿಲ್ಲ. 2024ರಲ್ಲಿ ಇದೇ ತಂಡ ಇನ್ನಷ್ಟು ಆಳಕ್ಕಿಳಿಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಆಹಾರ ಕೊಡುತ್ತಾ, ಸಾಕೆಂದು ನಾಯಿಯೇ ಬಿಡುವವರೆಗೆ ಕಾದರು. ಅಚ್ಚರಿಯೆಂದರೆ, ಕೊರತೆಯಿರುವ ನಾಯಿಗಳು ಬೇರೆಯವುಗಳಿಗಿಂತ ಹೆಚ್ಚೇನೂ ತಿನ್ನಲಿಲ್ಲ. ವ್ಯತ್ಯಾಸ ಕಂಡದ್ದು ಊಟದ ನಡುವಿನ ಹೊತ್ತಿನಲ್ಲಿ. ಉಪಾಹಾರವಾಗಿ ಮೂರು ಗಂಟೆ ಕಳೆದ ಮೇಲೆ, ತೂತುಗಳಿದ್ದ ಪಾರದರ್ಶಕ ಪೆಟ್ಟಿಗೆಯಲ್ಲಿ ಮಾಂಸದ ತುಂಡನ್ನು ಇಟ್ಟು ತೋರಿಸಿದಾಗ, ಅದಕ್ಕಾಗಿ ಹೆಚ್ಚು ಪಟ್ಟು ಹಿಡಿದು ಹೆಣಗಾಡಿದ್ದು ಅವೇ. ಮಲಗಿರುವಾಗ ಅವುಗಳ ಉಸಿರಿನ ಅನಿಲಗಳನ್ನು ಅಳೆದು ನೋಡಿದಾಗ, ಅವು ಶೇ. 25ರಷ್ಟು ಕಡಿಮೆ ಶಕ್ತಿ ವ್ಯಯಿಸುವುದೂ ಗೊತ್ತಾಯಿತು. ಹಸಿವು ಹೆಚ್ಚು, ಖರ್ಚು ಕಡಿಮೆ. ಇಂಥ ಮೈ ಹೊತ್ತ ಜೀವ ದಪ್ಪಗಾದರೆ ಅದನ್ನು ಹಂಗಿಸುವುದು ಅನ್ಯಾಯ.

2016ರ ಅಧ್ಯಯನದಲ್ಲಿ ಇನ್ನೂ ಒಂದು ಅಂಕಿ ಇದೆ, ನನಗೆ ಅತ್ಯಂತ ಮುಖ್ಯವೆನಿಸುವುದು ಅದು. ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ಲ್ಯಾಬ್ರಡಾರ್‌ಗಳಲ್ಲಿ ಶೇ. 76ರಷ್ಟು ಈ ಕೊರತೆಯನ್ನು ಹೊತ್ತಿದ್ದವು. ಒಂದು ಚೂರು ತಿನಿಸಿಗಾಗಿ ಹೇಳಿದ್ದನ್ನು ಹತ್ತು ಸಲ ಮಾಡುವ ನಾಯಿ ಬೇಗ ಕಲಿಯುತ್ತದೆ. ತರಬೇತುದಾರರು ಗೊತ್ತಿಲ್ಲದೆಯೇ ಹಸಿದವನ್ನು ಆರಿಸುತ್ತಾ ಬಂದಿರಬೇಕು. ಪೊಲೀಸ್ ಶ್ವಾನದಳಗಳಲ್ಲಿ ಬಾಂಬು ಮೂಸಿ ಹುಡುಕುವ ಕೆಲಸಕ್ಕೂ ಲ್ಯಾಬ್ರಡಾರ್ ಅಚ್ಚುಮೆಚ್ಚು.

ಹಾಗೆಂದು ಎಲ್ಲ ಲ್ಯಾಬ್ರಡಾರ್‌ಗಳ ಸ್ವಭಾವವೂ ಒಂದೇ ಎಂದುಕೊಳ್ಳಬಾರದು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿ 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿಗಳ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು ಶೇ. 9 ಮಾತ್ರ. ಮಕ್ಕಳೊಡನೆ ಲ್ಯಾಬ್ರಡಾರ್ ಹೇಗೂ ಸಾಧು ಎಂದು ಎಳೆಯ ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಡುವುದು ಸರಿಯಲ್ಲ. ಮರಿಯಾಗಿದ್ದಾಗ ಎಷ್ಟು ಜನರನ್ನು, ಎಷ್ಟು ಸದ್ದುಗಳನ್ನು ಭಯವಿಲ್ಲದೆ ಕಂಡಿದೆ ಎಂಬುದು ಮುಂದೆ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಡೀ ದಿನ ಒಂಟಿಯಾಗಿ ಕೂಡಿಟ್ಟ ಲ್ಯಾಬ್ರಡಾರ್ ಸೋಫಾ ಹರಿದರೆ ಅದು ಹಟಮಾರಿತನವಲ್ಲ. ಓಡಲೂ ಈಜಲೂ ಹುಟ್ಟಿದ ಮೈಗೆ ಕೆಲಸವಿಲ್ಲದ ಸಂಕಟ. ದಟ್ಟ ತುಪ್ಪಳದ ಈ ನಾಯಿಗೆ ನಮ್ಮ ಬೇಸಿಗೆಯೂ ಕಷ್ಟ. ನಾಯಿ ಮುಖ್ಯವಾಗಿ ಏದುಸಿರಿನಿಂದ ಮೈ ತಣಿಸಿಕೊಳ್ಳಬೇಕಾದ್ದರಿಂದ ನಡಿಗೆ ಬೆಳಗಿನ ತಂಪಿನಲ್ಲಿ ಅಥವಾ ಬಿಸಿಲಿಳಿದ ಮೇಲೆ ಆಗಬೇಕು.

ಆಹಾರದ ವಿಷಯದಲ್ಲಿ ಮಾತ್ರ ಪುರಾವೆ ಗಟ್ಟಿಯಾಗಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವನವಿಡೀ ಗಮನಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು: ಹಿತಮಿತವಾಗಿ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2 ವರ್ಷ. ಕಡಿಮೆ ತಿಂದವಕ್ಕೆ ಕೀಲುನೋವೂ ತಡವಾಗಿ ಬಂತು. ಸೊಂಟದ ಕೀಲು ಸಡಿಲವಾಗುವ ತೊಂದರೆ ಈ ತಳಿಯಲ್ಲಿ ಸಾಮಾನ್ಯವಾಗಿರುವುದರಿಂದ ಮೈಭಾರ ಇಳಿದಷ್ಟೂ ಒಳ್ಳೆಯದು.

ಪಕ್ಕೆಯ ಮೇಲೆ ಅಂಗೈಯಿಟ್ಟು ಮೆಲ್ಲನೆ ಸವರಿದರೆ ಎಲುಬುಗಳು ಬೆರಳಿಗೆ ತಾಕಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಸರಿದಂತೆ ಕಾಣಬೇಕು. ಅಜ್ಜಿ, ಮಕ್ಕಳು, ಮನೆಗೆಲಸದವರು ತಲಾ ಒಂದು ಬಿಸ್ಕತ್ತು ಹಾಕುವ ಮನೆಗಳಲ್ಲಿ ದಿನದ ಅಳತೆಯನ್ನು ಒಬ್ಬರೇ ನೋಡಿಕೊಳ್ಳುವುದು ಲೇಸು. ಸಾಂಬಾರಿನ ಈರುಳ್ಳಿ, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್ ಇವು ನಾಯಿಗಳಿಗೆ ವಿಷ. ಲ್ಯಾಬ್ರಡಾರ್ ಮೂಸಿ ನೋಡಿ ಬಿಡುವುದಿಲ್ಲ, ಸಿಕ್ಕಿದ್ದನ್ನು ನುಂಗುತ್ತದೆ. ಅವನ್ನು ಅದರ ಮೂತಿಗೆ ಎಟುಕದ ಎತ್ತರದಲ್ಲಿಡಿ, ಕಸದ ಬುಟ್ಟಿಗೆ ಭದ್ರವಾದ ಮುಚ್ಚಳ ಹಾಕಿ.